ರಾತ್ರಿ ಹೊರಗೆ ಓಡುವ ಜನರೇಟರ್ ಕಳುವಾಗದ ಹಾಗೆ ಇಡುವುದು ಹೇಗೆ? (ಶಿರಸಿ ಕಡೆ ತೋಟದ ಮನೆ)

ತೋಟದಮನೆ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತಿದ್ದದ್ದೇ. ಕಾಡಿನೊಳಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಎರಡು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಅಪ್ಪನಿಗೆ ರಾತ್ರಿ ಆಕ್ಸಿಜನ್ ಮಷೀನ್ ಬೇಕು. ಅದಕ್ಕೇ 3 ಕೆವಿಎ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಚಳಿಗಾಲದಲ್ಲಿ ಅಡಿಕೆ ಸುಲಿಯುವ ಮಷೀನಿಗೂ ಆಗುತ್ತದೆ ಅಂತ ಲೆಕ್ಕ.

ಮನೆ ಹತ್ತಿರ ಇಡುವ ಹಾಗಿಲ್ಲ, ಹೊಗೆ ಮತ್ತು ಸದ್ದು. ಕೊಟ್ಟಿಗೆಯ ಆಚೆ, ಅಡಿಕೆ ಒಣಗಿಸುವ ಅಂಗಳದ ತುದಿಗೆ ಇಡೋಣ ಅಂತಿದ್ದೇವೆ. ಅಲ್ಲಿಂದ ಕೆಳಗೆ ತೋಟ, ತೋಟದ ಆಚೆ ಮಣ್ಣಿನ ರಸ್ತೆ, ಮನೆಯಿಂದ ಆ ಜಾಗ ಕಾಣುವುದೇ ಇಲ್ಲ. ಚಕ್ರ ಬೇರೆ ಇದೆ, ಇಬ್ಬರು ಬಂದರೆ ತಳ್ಳಿಕೊಂಡು ಹೋಗಬಹುದು. ಮೊನ್ನೆ ಪಕ್ಕದ ಊರಲ್ಲಿ ಹೊಳೆ ದಂಡೆಯ ಪಂಪ್‌ಸೆಟ್ ಕೇಬಲ್ ಸಮೇತ ಹೋಯಿತು. ಸುಮ್ನೆ ಒಂದು ಚೈನ್, ಒಂದು ಬೀಗ ಹಾಕಿದರೆ ಸಾಕಾ? ಅನುಭವ ಇದ್ದವರು ಹೇಳಿ.

ಸುಮ್ನೆ ಓದುವವ (ಕುಮಟಾ)

ನಾಯಿ ಸಾಕಿ ಮಾರಾಯ್ರೆ.

ತೋಟದಮನೆ

ಇತ್ತು. ಚಿರತೆ ಹೊತ್ತುಕೊಂಡು ಹೋಯಿತು.

ಸುಮ್ನೆ ಓದುವವ

ಹಾಗಾದರೆ ಚಿರತೆಯನ್ನೇ ಸಾಕಿ.

ವೆಲ್ಡಿಂಗ್ ಶಾಪ್ (ಅಂಕೋಲಾ)

ತಮಾಷೆ ಆಮೇಲೆ. ಅಣ್ಣಾ, ಚೈನ್ ಯಾವುದು ಅಂತ ಕೇಳುವ ಮೊದಲು ಯಾವುದಕ್ಕೆ ಕಟ್ಟುತ್ತೀರಿ ಹೇಳಿ. ಜನ ಒಳ್ಳೆ ಬೀಗ ತರುತ್ತಾರೆ, ತಂದು ಅಡಿಕೆ ಮರಕ್ಕೆ ಕಟ್ಟುತ್ತಾರೆ. ಅಡಿಕೆ ಮರ ಕಡಿಯಲು ಒಂದು ಕತ್ತಿ ಸಾಕು. ಇಲ್ಲವಾದರೆ ಚಿರೆಕಲ್ಲಿನ ಗೋಡೆಗೆ ತೂತು ಹೊಡೆದು ಆಂಕರ್ ಬೋಲ್ಟ್ ಕೂರಿಸುತ್ತಾರೆ. ಚಿರೆಕಲ್ಲು ಮೆದು ಕಲ್ಲು, ಒಳಗೆಲ್ಲ ರಂಧ್ರ. ಬೋಲ್ಟ್ ಬಿಗಿ ಮಾಡುತ್ತಾ ಹೋದ ಹಾಗೆ ಅದು ಒಳಗೇ ಸುತ್ತುತ್ತದೆ. ಒಂದು ಕಬ್ಬಿಣದ ಸಲಾಕೆ ಹಾಕಿ ಎಬ್ಬಿದರೆ ಕೆಂಪು ಪುಡಿಯ ಜೊತೆ ಬೋಲ್ಟು ಕೈಗೆ ಬರುತ್ತದೆ. ನನ್ನ ಅಂಗಡಿಗೆ ಬಂದವರಿಗೆ ಗೋಡೆಯ ತುಂಡು ಇಟ್ಟುಕೊಂಡು ತೋರಿಸಿದ್ದೇನೆ.

ನೆಲದಲ್ಲಿ ಕಾಂಕ್ರೀಟ್ ಹಾಕಿ. 2 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳ. ಅಷ್ಟಕ್ಕೆ ಸುಮಾರು 400 ಕೆಜಿ ತೂಕ ಬರುತ್ತದೆ, ಒಂದೂವರೆ ಚೀಲ ಸಿಮೆಂಟಿನೊಳಗೆ ಮುಗಿಯುತ್ತದೆ. ಅದರಲ್ಲಿ 16 ಅಥವಾ 20 ಎಂಎಂ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ ಇಳಿಸಬೇಕು. ಕೆಳಗಿನ ಎರಡೂ ತುದಿಯನ್ನು ಹೊರಗಡೆಗೆ ಮಡಚಿ, ಅಡ್ಡ ಸರಳಿಗೆ ಕಟ್ಟಿ ಆಮೇಲೆ ಕಾಂಕ್ರೀಟ್ ಸುರಿಯಬೇಕು. ಮೇಲೆ ಚೈನ್ ತೂರುವಷ್ಟು ಮಾತ್ರ ಕಾಣಲಿ. ಜಾಸ್ತಿ ಎತ್ತರ ಬಿಟ್ಟರೆ ಗರಗಸಕ್ಕೆ ಅನುಕೂಲ, ರಾತ್ರಿ ನಿಮ್ಮ ಕಾಲಿಗೂ ತಾಗುತ್ತದೆ. ಹತ್ತು ಹದಿನೈದು ದಿನ ನೀರು ಹಾಕಿ ಗಟ್ಟಿಯಾಗಲು ಬಿಡಿ. ಮರುದಿನವೇ ಚೈನ್ ಎಳೆದು ನೋಡಬೇಡಿ.

ಚೈನನ್ನು ಜನರೇಟರಿನ ಯಾವ ಭಾಗಕ್ಕೆ ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ತಳ್ಳುವ ಹಿಡಿಕೆಗೆ ಹಾಕಲೇಬೇಡಿ. ಅದು ಎರಡು ಬೋಲ್ಟಿನ ಮೇಲೆ ನಿಂತಿರುತ್ತದೆ, ಹಿಡಿಕೆ ಮತ್ತು ಚೈನ್ ನಿಮಗೆ ಬಿಟ್ಟು ಉಳಿದದ್ದು ತಗೊಂಡು ಹೋಗುತ್ತಾರೆ. ಎಂಜಿನ್ ಕೂತಿರುವ ಕೆಳಗಿನ ಅಡ್ಡಪಟ್ಟಿ ಇದೆಯಲ್ಲ, ಅದಕ್ಕೂ ಫ್ರೇಮಿಗೂ ಸೇರಿಸಿ ಸುತ್ತಿಸಬೇಕು. ಸೈಲೆನ್ಸರಿಗೆ ತಾಗದ ಹಾಗೆ ನೋಡಿಕೊಳ್ಳಿ.

ಬೋಟಿನವ (ಕಾರವಾರ, ಬೈತಖೋಲ್)

ವೆಲ್ಡಿಂಗಿನವರು ಹೇಳಿದ್ದು ಸರಿ. ಚೈನ್ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆವಾಗ ದೋಣಿಗಳೆಲ್ಲ ಸಾಲಾಗಿ ಕಟ್ಟಿರುತ್ತವೆ, ಜನ ಇರುವುದಿಲ್ಲ. ಬ್ಯಾಟರಿ, ಚಿಕ್ಕ ಎಂಜಿನ್, ಡೀಸೆಲ್ ಹೋಗುವುದೆಲ್ಲ ಆ ಸಮಯದಲ್ಲೇ. ಹಾಗಾಗಿ ನಮಗೆ ಬೀಗದ ಚಿಂತೆ ಹಳೆಯದು.

ಚೈನ್ ತೆಳ್ಳಗಿದ್ದರೆ ದುಡ್ಡು ದಂಡ. 6 ಎಂಎಂ, 8 ಎಂಎಂ ಚೈನನ್ನು ಕೈಯ ಬೋಲ್ಟ್ ಕಟರ್ ಕಚ್ಚಿ ಎಸೆಯುತ್ತದೆ. 12 ಎಂಎಂಗಿಂತ ದಪ್ಪ, ಹದ ಮಾಡಿದ ಉಕ್ಕಿನದ್ದು ಸಿಕ್ಕಿದರೆ ಒಳ್ಳೆಯದು. ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೇನ್‌ಲೆಸ್ ತರುವವರಿದ್ದಾರೆ. ಹೊಳೆಯುತ್ತದೆ, ನಿಜ. ಆದರೆ ಹದ ಮಾಡಿದ ಉಕ್ಕಿನಷ್ಟು ಗಟ್ಟಿ ಅಲ್ಲ. ಮತ್ತೆ ಚೈನನ್ನು ಉದ್ದ ಬಿಡಬೇಡಿ. ನೆಲಕ್ಕೆ ತಾಗುವಷ್ಟು ಸಡಿಲ ಇದ್ದರೆ ಕಟರಿನ ಒಂದು ಕೈ ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತುತ್ತಾರೆ. ಗಿಡ್ಡ ಇದ್ದು ಗಾಳಿಯಲ್ಲೇ ನಿಂತರೆ ಆ ಬಲ ಸಿಗುವುದಿಲ್ಲ.

ಬಟ್ಟೆಯ ಕವರ್ ಇರುವ ಚೈನ್ ನಮ್ಮ ಕರಾವಳಿಗೆ ಆಗುವುದಿಲ್ಲ. ಬಟ್ಟೆ ಉಪ್ಪುನೀರು ಹೀರಿ ಹಿಡಿದುಕೊಳ್ಳುತ್ತದೆ, ಹೊರಗಿಂದ ಚಂದ, ಒಳಗೆ ತುಕ್ಕು. ಶಿರಸಿಯಲ್ಲಿ ಉಪ್ಪು ಇಲ್ಲದಿದ್ದರೂ ಆ ಮಳೆಗೆ ಅದೇ ಗತಿ. ಬೀಗ ಹಿತ್ತಾಳೆ ಮೈಯದ್ದು ತಗೊಳ್ಳಿ, ಕೀಲಿ ತೂತು ಕೆಳಗೆ ಬರುವ ಹಾಗೆ ನೇತುಹಾಕಿ. ಹಳೆ ಸೈಕಲ್ ಟ್ಯೂಬನ್ನು ಗೇಣುದ್ದ ಕತ್ತರಿಸಿ ಬೀಗದ ಮೇಲೆ ಟೊಪ್ಪಿಯ ಹಾಗೆ ಇಳಿಸಿದರೆ ನೀರು ಹೋಗುವುದಿಲ್ಲ. ಗ್ರೀಸ್ ಬೀಗದ ಕೊಂಡಿಗೆ ಮಾತ್ರ, ಕೀಲಿ ತೂತಿಗೆ ಬೇಡ, ಮಣ್ಣು ಹಿಡಿದು ಕೂರುತ್ತದೆ. ತೂತಿಗೆ ಪೆನ್ಸಿಲ್ ಸೀಸದ ಪುಡಿ ಹಾಕಿ, ಕೀಲಿ ಎರಡು ಸಲ ಆಡಿಸಿ.

ಆಟದ ಲೈಟು (ಹೊನ್ನಾವರ)

ನಮ್ಮದು ಲೈಟ್, ಮೈಕ್ ಬಾಡಿಗೆ ಕೆಲಸ. ಬಯಲಾಟ, ಮದುವೆ, ಜಾತ್ರೆ, ಎಲ್ಲಾ ಕಡೆ ಜನರೇಟರ್ ತಗೊಂಡು ಹೋಗುತ್ತೇವೆ. ಆಟದಲ್ಲಿ ಜನರೇಟರ್ ಸದ್ದು ಭಾಗವತರ ಪದಕ್ಕೆ ಅಡ್ಡ ಬರಬಾರದು ಅಂತ ಅದನ್ನು ಎರಡು ಗದ್ದೆ ಆಚೆ ಇಡಬೇಕು. ಊರಿನ ಜನವೆಲ್ಲ ರಂಗದ ಮುಂದೆ, ಜನರೇಟರ್ ಕತ್ತಲಲ್ಲಿ ಒಂಟಿ. ನಿಮ್ಮದೂ ಇದೇ ಪರಿಸ್ಥಿತಿ.

ಇಲ್ಲಿ ಯಾರೂ ಹೇಳದ ಒಂದು ಮಾತು. ಓಡುತ್ತಿರುವ ಜನರೇಟರ್ ಪಕ್ಕ ನಿಂತು ಬ್ಯಾಟರಿ ಗ್ರೈಂಡರ್ ಹಿಡಿದರೆ ಆ ಸದ್ದು ನಿಮಗೆ ಕೇಳಿಸುವುದಿಲ್ಲ. ಎಂಥ ಚೈನ್ ಇದ್ದರೂ ಗ್ರೈಂಡರಿಗೆ ಕೆಲವೇ ನಿಮಿಷದ ಕೆಲಸ. ಹಾಗಾಗಿ ಚೈನ್ ಕಳ್ಳನನ್ನು ತಡೆಯುತ್ತದೆ ಅಂತ ನಂಬಿ ಮಲಗುವ ಹಾಗಿಲ್ಲ. ಅದು ತಡ ಮಾಡಿಸುತ್ತದೆ ಅಷ್ಟೇ. ತಡವಾಗುವ ಹೊತ್ತಿನಲ್ಲಿ ನಿಮಗೆ ಎಚ್ಚರ ಆಗಬೇಕು.

ನಾವು ಮಾಡುವುದು ಇಷ್ಟು. ಜನರೇಟರ್ ಲೈನಿನಲ್ಲೇ, ನಾವು ಕೂತಲ್ಲಿ, ಬ್ಯಾಟರಿಯ ಒಂದು ಬಜರ್. ಸಪ್ಲೈ ಇರುವ ತನಕ ಸುಮ್ಮನಿರುತ್ತದೆ, ಹೋದ ಕೂಡಲೇ ಕೂಗುತ್ತದೆ. ಪೆಟ್ರೋಲ್ ಮುಗಿದರೂ ಕೂಗುತ್ತದೆ, ಆಗಲಿ ಬಿಡಿ. ಯಾರಾದರೂ ಜನರೇಟರ್ ಎತ್ತಬೇಕಾದರೆ ನಿಲ್ಲಿಸಬೇಕು ಅಥವಾ ಪ್ಲಗ್ ಕೀಳಬೇಕು, ಎರಡರಲ್ಲಿ ಯಾವುದು ಮಾಡಿದರೂ ಮನೆಯೊಳಗೆ ಗೊತ್ತಾಗುತ್ತದೆ. ಯಾವ ಎಲೆಕ್ಟ್ರಿಷಿಯನ್ ಆದರೂ ಒಂದು ಸಣ್ಣ ರಿಲೇ ಹಾಕಿ ಮಾಡಿಕೊಡುತ್ತಾನೆ.

ಹಾಗೇ, ನಮ್ಮಲ್ಲಿ ಜನರೇಟರಿಗಿಂತ ಜಾಸ್ತಿ ಕಳುವಾಗುವುದು ಪೆಟ್ರೋಲು. ಟ್ಯಾಂಕಿನ ಮುಚ್ಚಳಕ್ಕೂ ಒಂದು ವ್ಯವಸ್ಥೆ ಮಾಡಿ.

ತೋಟದಮನೆ

ಬಜರ್ ವಿಷಯ ತಲೆಗೆ ಬಂದಿರಲಿಲ್ಲ. ಅಪ್ಪನ ಮಷೀನಿಗೂ ಅದು ಬೇಕೇ ಬೇಕು. ತಮ್ಮ ಹೇಳುತ್ತಿದ್ದಾನೆ, ಅಂಗಳದ ತುದಿಯಲ್ಲಿ ಗುಂಡಿ ತೋಡಿ ಜನರೇಟರನ್ನು ಅದರೊಳಗೆ ಇಳಿಸಿ ಮೇಲೆ ತಗಡಿನ ಬಾಗಿಲು ಮಾಡೋಣ, ಸದ್ದೂ ಕಡಿಮೆ, ಕಾಣುವುದೂ ಇಲ್ಲ ಅಂತ. ಹೇಗೆ?

ಹಳೆ ಲೈನ್‌ಮನ್ (ಯಲ್ಲಾಪುರ)

ತಮ್ಮನಿಗೆ ಬೇಡ ಅನ್ನಿ. ಶಿರಸಿ ಮಳೆಗೆ ಆ ಗುಂಡಿ ಕೆರೆ ಆಗುತ್ತದೆ, ಅದು ಮೊದಲನೆಯದು. ಎರಡನೆಯದು, ಈ ಎಂಜಿನ್ ಗಾಳಿಯಿಂದ ತಣ್ಣಗಾಗುವಂಥದ್ದು. ಸುತ್ತ ಮೂರಡಿ ತೆರವು ಇರಬೇಕು. ಗುಂಡಿಯಲ್ಲಿ ತನ್ನ ಬಿಸಿಯನ್ನು ತಾನೇ ಕುಡಿದು ಸುಟ್ಟುಹೋಗುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಮೂರನೆಯದು, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಗುಂಡಿಗೆ ಇಳಿದು ಪೆಟ್ರೋಲ್ ಹಾಕಲು ಹೋದವನಿಗೆ ತಲೆ ತಿರುಗುವುದು ಗೊತ್ತಾಗುವ ಹೊತ್ತಿಗೆ ಮೇಲೆ ಹತ್ತಲು ಆಗುವುದಿಲ್ಲ.

ಕಳ್ಳರ ಹೆದರಿಕೆಗೆ ಜಗುಲಿ ಮೇಲೆ, ಕಿಟಕಿ ಬುಡದಲ್ಲಿ ಇಟ್ಟು ಓಡಿಸುವವರನ್ನೂ ನೋಡಿದ್ದೇನೆ. ಕಿಟಕಿ ಹಾಕಿದ್ದೇವಲ್ಲ ಅನ್ನುತ್ತಾರೆ. ಹಂಚಿನ ಮನೆ ಸ್ವಾಮಿ, ಮಾಡಿನ ತುಂಬ ಸಂದು. ಮನೆಯಿಂದ ಕಡಿಮೆ ಅಂದರೂ 20 ಅಡಿ ದೂರ, ಸೈಲೆನ್ಸರಿನ ಬಾಯಿ ಮನೆಗೆ ಬೆನ್ನು ಹಾಕಿರಲಿ. ಕೊಟ್ಟಿಗೆಯಿಂದಲೂ ಅಷ್ಟೇ ದೂರ, ದನಗಳಿಗೂ ಅದೇ ಗಾಳಿ. ಜನರೇಟರ್ ಹೋದರೆ ಇನ್ನೊಂದು ತರಬಹುದು.

ಇನ್ನೊಂದು. ಜನರೇಟರ್ ವೈರನ್ನು ಮನೆಯ ಯಾವುದೋ ಪ್ಲಗ್ಗಿಗೆ ತಿರುಗಿಸಿ ಚುಚ್ಚುವ ಚಾಳಿ ಇದೆಯಲ್ಲ, ಅದನ್ನು ಮಾಡಬೇಡಿ. ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವಂಥದ್ದು) ಹಾಕಿಸಿ. ಇಲ್ಲದಿದ್ದರೆ ನಿಮ್ಮ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋಗಿ, ಮಳೆಯಲ್ಲಿ ಕಂಬ ಹತ್ತಿದ ನಮ್ಮ ಹುಡುಗರು ಸಾಯುತ್ತಾರೆ. ಕಳುವಿನ ವಿಷಯ ಅಲ್ಲ, ಆದರೂ ಹೇಳದೇ ಇರಲಾಗುವುದಿಲ್ಲ.

ಮೂವತ್ತು ಮೀಟರ್ ದೂರ ಆಗುವುದಾದರೆ 2.5 ಚದರ ಎಂಎಂ ತಾಮ್ರದ ಕೇಬಲ್ ಸಾಕು, ಬಾವಿ ಮೋಟಾರೂ ಎಳೆಯಬೇಕಾದರೆ 4 ಹಾಕಿ. ಪೈಪಿನೊಳಗೆ ಹಾಕಿ ಮಣ್ಣಿನಡಿ ಒಯ್ಯಿರಿ. ಮೇಲೆ ಬಿಟ್ಟ ತಾಮ್ರವನ್ನು ಜನರೇಟರಿಗಿಂತ ಮೊದಲು ಎಳೆದುಕೊಂಡು ಹೋಗುತ್ತಾರೆ. ಅಪ್ಪನವರ ಪಕ್ಕ ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಯಾವಾಗಲೂ ಇರಲಿ, ಜನರೇಟರ್ ಒಂದನ್ನೇ ನಂಬಬೇಡಿ.

ಕಡಲಮನೆ (ಗೋಕರ್ಣ)

ನಮ್ಮದು ಚಿಕ್ಕ ಹೋಮ್‌ಸ್ಟೇ. ನನ್ನ ಲೆಕ್ಕದಲ್ಲಿ ಬೀಗಕ್ಕಿಂತ ಕಣ್ಣಿಗೆ ಬೀಳದಿರುವುದು ಮುಖ್ಯ. ಕೆಂಪು ಬಣ್ಣದ ಹೊಸ ಜನರೇಟರ್ ಅಂಗಳದಲ್ಲಿ ನಿಂತಿದ್ದರೆ ಗುಜರಿಯವನಿಂದ ಹಿಡಿದು ಕೊರಿಯರ್ ಹುಡುಗನ ತನಕ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಟ್ಯಾಂಕಿನ ಮೇಲೆ ಹಳದಿ ಆಯಿಲ್ ಪೇಂಟಿನಲ್ಲಿ ಮನೆ ಹೆಸರು ದೊಡ್ಡದಾಗಿ ಬರೆಸಿದ್ದೇನೆ. ಚಂದ ಇಲ್ಲ. ಮಾರಲು ಕಷ್ಟ ಆಗಲಿ ಅಂತಲೇ ಬರೆಸಿದ್ದು. ಓಡಿಸದ ದಿನ ಚೆನ್ನಾಗಿ ತಣ್ಣಗಾದ ಮೇಲೆ ಹಳೆ ಹಿಂಡಿ ಚೀಲ ಹೊದೆಸಿ, ಮೇಲೆ ನಾಲ್ಕು ಒಣ ತೆಂಗಿನಗರಿ ಹಾಕುತ್ತೇನೆ. ಬಿಸಿ ಇರುವಾಗ ಹೊದೆಸಿದರೆ ಬೆಂಕಿ.

ಆಮೇಲೆ ಹೊಸದು ತಂದ ಖುಷಿಗೆ ಫೋಟೊ ತೆಗೆದು ಸ್ಟೇಟಸ್ ಹಾಕುವುದು ಬೇಡ.

ಸುಮ್ನೆ ಓದುವವ (ಕುಮಟಾ)

ಕಳ್ಳರು ಹೊರಗಿನವರೇ ಬಿಡಿ. ಊರಿನವರು ಯಾರು ಮಾಡುತ್ತಾರೆ?

ಕಡಲಮನೆ (ಗೋಕರ್ಣ)

ಹೊರಗಿನವರಿಗೆ ಕೊಟ್ಟಿಗೆ ಹಿಂದೆ ಜನರೇಟರ್ ಇದೆ ಅಂತ ಹೇಗೆ ಗೊತ್ತಾಗುತ್ತದೆ, ಯಾರೋ ಹೇಳಬೇಕಲ್ವಾ? ಯಾರನ್ನೂ ಮೊದಲೇ ಹೊರಗಿನವ ಒಳಗಿನವ ಅನ್ನಬೇಡಿ ಅಣ್ಣ.

ಕಾಡಂಚು (ಜೋಯಿಡಾ)

ಜಿಪಿಎಸ್ ಟ್ರ್ಯಾಕರ್, ಮೊಬೈಲ್ ಕ್ಯಾಮೆರಾ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ. ಮೊದಲು ಆ ಜಾಗದಲ್ಲಿ ಮೊಬೈಲ್ ಹಿಡಿದು ನಿಂತು ನೆಟ್‌ವರ್ಕ್ ನೋಡಿ. ಟ್ರ್ಯಾಕರ್ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು ಉಪಗ್ರಹದಿಂದ, ನಿಮಗೆ ಹೇಳುವುದು ಮೊಬೈಲ್ ಟವರಿನಿಂದ. ಟವರ್ ಇಲ್ಲ ಅಂದರೆ ಅದಕ್ಕೆ ಗೊತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಕೀಲಿಗೊಂಚಲಿಗೆ ಹಾಕುವ ಚಿಕ್ಕ ಬ್ಲೂಟೂತ್ ಬಿಲ್ಲೆಗಳಂತೂ ಸುತ್ತ ಬೇರೆಯವರ ಫೋನ್ ಓಡಾಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತವೆ. ನಮ್ಮ ಕಾಡಲ್ಲಿ ಓಡಾಡುವುದು ಕಾಟಿ (ಕಾಡುಕೋಣ), ಅವುಗಳ ಹತ್ತಿರ ಫೋನ್ ಇಲ್ಲ. ಮುಟ್ಟಿದರೆ ಕೂಗುವ ಅಲಾರಂ ಬೀಗವೂ ಬೇಡ, ಎಂಜಿನ್ ನಡುಕಕ್ಕೇ ರಾತ್ರಿಯಿಡೀ ಕೂಗಿಕೊಂಡಿರುತ್ತದೆ. ನಿಂತ ಜನರೇಟರಿಗೆ ಸರಿ, ಓಡುವುದಕ್ಕೆ ಅಲ್ಲ.

ಒಂದು ಸೆನ್ಸರ್ ಲೈಟ್ ಹಾಕಿ. ಯಾರಾದರೂ ಹತ್ತಿರ ಬಂದರೆ ಹತ್ತುವಂಥದ್ದು, ಬ್ಯಾಟರಿಯದ್ದು. ದನ ಬಂದರೂ ಹತ್ತುತ್ತದೆ, ಹಂದಿ ಬಂದರೂ ಹತ್ತುತ್ತದೆ. ಎರಡು ದಿನಕ್ಕೆ ಅಭ್ಯಾಸ ಆಗುತ್ತದೆ.

ಕೋರ್ಟ್ ರಸ್ತೆ (ಕುಮಟಾ)

ವಕೀಲಿ ಮಾಡುವವನಾಗಿ ಎರಡು ಮಾತು. ಜನರೇಟರ್ ತಂದ ದಿನವೇ ಬಿಲ್, ಎಂಜಿನ್ ನಂಬರ್, ಫ್ರೇಮಿನ ಸೀರಿಯಲ್ ನಂಬರಿನ ಫೋಟೊ ತೆಗೆದು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಂಬರಿನ ಸ್ಟಿಕ್ಕರ್ ಕಿತ್ತುಹಾಕುವುದು ಸುಲಭ, ಹಾಗಾಗಿ ಕಾಣದ ಜಾಗದಲ್ಲಿ ನಿಮ್ಮದೇ ಒಂದು ಗುರುತನ್ನು ಉಳಿಯಿಂದ ಹೊಡೆದಿಡಿ. ಪೊಲೀಸರು ಮಾಲು ಹಿಡಿದರೂ ಅದು ನಿಮ್ಮದೇ ಅಂತ ತೋರಿಸಬೇಕಲ್ಲ, ಅಲ್ಲೇ ತುಂಬ ಜನ ಸಿಕ್ಕಿಬೀಳುತ್ತಾರೆ.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಕಳವು ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು, ಮೊದಲು ಐಪಿಸಿ 379 ಅನ್ನುತ್ತಿದ್ದೆವಲ್ಲ ಅದು. ದೂರನ್ನು ಆನ್‌ಲೈನಿನಲ್ಲಿ ಕೊಟ್ಟರೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಆ ಹೊತ್ತಿಗೇ ಕಳ್ಳರು ಕಂಡರೆ 112ಕ್ಕೆ ಫೋನ್ ಮಾಡಿ, ಕತ್ತಿ ಹಿಡಿದು ತೋಟಕ್ಕೆ ಇಳಿಯಬೇಡಿ.

ಇನ್ಶೂರೆನ್ಸ್ ಇದೆ ಅಂತ ನೆಚ್ಚಿಕೊಂಡವರು ಪಾಲಿಸಿ ಬಿಚ್ಚಿ ಓದಿ. ಬಯಲಲ್ಲಿ ಇಟ್ಟ ಸಾಮಾನಿಗೆ, ಬಾಗಿಲು ಬೀಗ ಮುರಿದ ಗುರುತು ಇಲ್ಲದ ಕಳವಿಗೆ ಹಣ ಕೊಡದ ಪಾಲಿಸಿಗಳಿವೆ.

ನೋಡುವ ಕಣ್ಣು (ಭಟ್ಕಳ)

ಇಷ್ಟೆಲ್ಲ ತಲೆಬಿಸಿ ಯಾಕೆ, ಸೋಲಾರ್ ಹಾಕಿಸಿ.

ತೋಟದಮನೆ

ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಕಡೆ ಬನ್ನಿ, ಸೂರ್ಯ ಕಂಡರೆ ತೋರಿಸಿ.

ಆದರೆ ಇನ್ವರ್ಟರ್ ಬ್ಯಾಟರಿ ವಿಚಾರ ಮಾಡುತ್ತಿದ್ದೇನೆ. ಸಂಜೆ ಮನೆಯವರೆಲ್ಲ ಎಚ್ಚರ ಇರುವಾಗ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಂಡು, ರಾತ್ರಿ ಅಪ್ಪನ ಮಷೀನ್ ಬ್ಯಾಟರಿ ಮೇಲೆ ನಡೆಸಿದರೆ ಹೇಗೆ?

ಹಳೆ ಲೈನ್‌ಮನ್ (ಯಲ್ಲಾಪುರ)

ಮಷೀನ್ ಎಷ್ಟು ವಾಟ್ ಎಳೆಯುತ್ತದೆ ನೋಡಿ. ನಿಮಿಷಕ್ಕೆ 5 ಲೀಟರಿನ ಮಷೀನ್ ಹೆಚ್ಚುಕಡಿಮೆ 300 ವಾಟ್ ಅಂತ ಇಟ್ಟುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದರಿಂದ ನಾಲ್ಕು ತಾಸು ಬಂದರೆ ದೊಡ್ಡದು. ಎರಡು ಬ್ಯಾಟರಿ ಇದ್ದರೆ ರಾತ್ರಿಯ ಬಹುಪಾಲು ಸಾಗುತ್ತದೆ. ಆದರೆ ತುಂಬಲು ಹತ್ತು ಹನ್ನೆರಡು ತಾಸು ಬೇಕು, ಸಂಜೆಯ ಎರಡು ತಾಸಿಗೆ ಆಗುವ ಕೆಲಸ ಅಲ್ಲ. ಹಗಲಲ್ಲೇ ಓಡಿಸಿ ತುಂಬಿಸಿ. ಹಗಲು ಓಡಿದರೆ ಕಾವಲೂ ಸುಲಭ. ರಾತ್ರಿ ಜನರೇಟರ್ ತಣ್ಣಗಾಗಿರುತ್ತದೆ, ತಳ್ಳಿಕೊಂಡು ಹೋಗಿ ಬೀಗ ಇರುವ ಕೋಣೆಯೊಳಗೆ ನಿಲ್ಲಿಸಬಹುದು. ಅಡುಗೆಮನೆ, ಬಚ್ಚಲ ಒಲೆ ಹತ್ತಿರದ ಕೋಣೆ ಬೇಡ, ಪೆಟ್ರೋಲ್ ಆವಿ ಇರುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಲು ಮರೆಯಬೇಡಿ.

ಆಟದ ಲೈಟು (ಹೊನ್ನಾವರ)

ಇದೇ ಸರಿ. ಹೊರಗೆ ಬಿಟ್ಟು ಕಾಯುವುದಕ್ಕಿಂತ ಒಳಗೆ ತರುವುದು ಮೇಲು. ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬರೇಟರ್ ಒಣಗುವ ತನಕ ಓಡಿಸಿ ಇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ತೋಟದಮನೆ

ಹಾಗಾದರೆ ಹಗಲು ಅಂಗಳದ ತುದಿಯಲ್ಲಿ ಚೈನ್ ಹಾಕಿ ಓಡಿಸುವುದು, ರಾತ್ರಿ ಹಳೆ ಗೊಬ್ಬರದ ಕೋಣೆಗೆ. ಕಾಂಕ್ರೀಟ್ ಹೇಗೂ ಮಾಡಿಸುತ್ತೇನೆ. ಬ್ಯಾಟರಿ ಸಾಲದ ರಾತ್ರಿ ಹೊರಗೆ ಓಡಿಸಲೇಬೇಕಾಗುತ್ತದೆ. ಅದಕ್ಕೆ ಮೇಲೆ ತಗಡು ಇರುವ ಒಂದು ಪಂಜರ ಮಾಡಿಸಿದರೆ ಹೇಗೆ, ವೆಲ್ಡಿಂಗಿನವರೇ?

ವೆಲ್ಡಿಂಗ್ ಶಾಪ್ (ಅಂಕೋಲಾ)

ಮಾಡಬಹುದು, ನಾಲ್ಕೂ ಬದಿ ಸರಳು ಮಾತ್ರ, ತಗಡು ಮೇಲ್ಗಡೆ ಮಾತ್ರ. 40 ಎಂಎಂ ಆಂಗಲ್, 12 ಎಂಎಂ ಚೌಕ ಸರಳು, ನಾಲ್ಕು ಇಂಚು ಸಂದು. ಲೈನ್‌ಮನ್ನರು ಹೇಳಿದ ಮೂರಡಿ ತೆರವು ಗೋಡೆಗೆ. ಸರಳಿನ ಪಂಜರದಲ್ಲಿ ಗಾಳಿ ಆಡುತ್ತದೆ, ಆದರೂ ಎಲ್ಲಾ ಕಡೆ ಎರಡಡಿ ಬಿಡಿ. ಸೈಲೆನ್ಸರ್ ಬದಿಗೆ ಸಾಧ್ಯವಾದಷ್ಟು ಜಾಸ್ತಿ, ಆ ಬದಿಗೆ ಒಣ ಸೋಗೆ, ಹುಲ್ಲು ಏನೂ ಇರಬಾರದು. ಪಂಜರ ಆ 2 ಅಡಿ ಕಾಂಕ್ರೀಟಿಗಿಂತ ದೊಡ್ಡದಾಗುತ್ತದೆ, ಹಾಗಾಗಿ ಕಾಲುಗಳಿಗೆ ಬೇರೆಯಾಗಿ ಕಾಂಕ್ರೀಟ್ ಹಾಕಿ ಹೂಳಿ.

ಬಾಗಿಲಿನ ಬಿಜಾಗರಿ ಎತ್ತಿದರೆ ಕಳಚುವಂಥದ್ದು ಹಾಕುತ್ತಾರೆ, ಅದರ ಪಿನ್ನಿನ ಮೇಲೆ ಒಂದು ಬೊಟ್ಟು ವೆಲ್ಡ್ ಹೊಡೆಸಿ. ಬೀಗದ ಸುತ್ತ ದಪ್ಪ ಪೈಪಿನ ತುಂಡು ಕೂರಿಸಿದರೆ ಕಟರಿನ ಬಾಯಿ ಒಳಗೆ ಹೋಗುವುದಿಲ್ಲ. ಆ ಪೈಪ್ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ದಪ್ಪ ಕೈ ಯಾರದ್ದೋ ಅವರ ಅಳತೆಗೆ ಇರಲಿ, ಮಳೆಯಲ್ಲಿ ನೆನೆಯುತ್ತಾ ಬೀಗ ತೆಗೆಯುವವರು ಅವರೇ ಆಗಿರಬಹುದು.

ಅಳತೆ ತೆಗೆಯುವಾಗ ಸ್ಟಾರ್ಟ್ ಹಗ್ಗ ಎಳೆಯುವ ಬದಿ ಯಾವುದು ನೋಡಿ, ಮೊಣಕೈ ಪೂರ್ತಿ ಹಿಂದೆ ಬರುವಷ್ಟು ಜಾಗ ಬೇಕು. ಬಾಗಿಲು ಆ ಬದಿಗೇ ಇಡಿ. ಮೇಲೆ ಪೆಟ್ರೋಲ್ ಕೊಳವೆ ಹಿಡಿಯಲು ಒಂದೂವರೆ ಅಡಿ. ಅಳತೆ ಬರೆದು ಕಳಿಸಿ, ಸರಳಿನ ತೂಕ ನೋಡಿ ರೇಟ್ ಹೇಳುತ್ತೇನೆ. ಮಳೆ ಹಿಡಿಯುವ ಮೊದಲೇ ಕಳಿಸಿ, ಆಮೇಲೆ ಎಲ್ಲರೂ ತಗಡಿನ ಕೆಲಸಕ್ಕೆ ಒಟ್ಟಿಗೇ ಬರುತ್ತಾರೆ.